ಅತಿಯಾಗಿ ಬಾಗುವ ಮೈ: ಚಪ್ಪಾಳೆಗೆ ಮೊದಲು ಎಚ್ಚರ

ಜೂನ್ 21ರ ಯೋಗ ದಿನ ಸಮೀಪಿಸಿತೆಂದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಶಾಲೆಗಳಲ್ಲಿ ಆಸನಗಳ ಅಭ್ಯಾಸ ನಡೆಯುತ್ತದೆ. ಎಲ್ಲರಿಗಿಂತ ಹೆಚ್ಚು ಬಾಗುವ ಮಗುವಿಗೆ ಚಪ್ಪಾಳೆ ಸಹಜ. ಅದೇ ಮಗು ರಾತ್ರಿ ಮೊಣಕಾಲು ನೋವೆಂದು ಅತ್ತರೆ, ಬರೆಯುವಾಗ ಬೆರಳು ಸೋತವೆಂದರೆ, ಅದನ್ನು ನೆವವೆಂದು ತಳ್ಳಿಹಾಕುವುದೂ ಉಂಟು. ಎರಡರ ಮೂಲವೂ ಒಂದೇ ಆಗಿರಬಹುದು.

ಎಲುಬುಗಳನ್ನು ಹಿಡಿದಿಡುವ ಕಟ್ಟುನಾರುಗಳು ಸಡಿಲವಾಗಿದ್ದರೆ ಕೀಲು ಮಿತಿಮೀರಿ ಬಾಗುತ್ತದೆ. ಇದು ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ ಹೆಚ್ಚು. ಬಹಳ ಮಂದಿಗೆ ಇದರಿಂದ ತೊಂದರೆಯಿಲ್ಲ. ಕೆಲವರಿಗೆ ಮಾತ್ರ ಪದೇ ಪದೇ ಉಳುಕು, ದಣಿವು, ತಿಂಗಳುಗಟ್ಟಲೆ ನೋವು. ವೈದ್ಯರು ಬೈಟನ್ ಮಾಪನದಿಂದ 9 ಅಂಕಗಳಲ್ಲಿ ಇದನ್ನು ಅಳೆಯುತ್ತಾರೆ. ಕಿರುಬೆರಳು 90 ಡಿಗ್ರಿ ಮೀರಿ ಹಿಂದಕ್ಕೆ ಬಾಗುವುದು, ಹೆಬ್ಬೆರಳು ಮುಂಗೈಗೆ ತಾಗುವುದು, ಮೊಣಕೈ ಹಾಗೂ ಮೊಣಕಾಲು 10 ಡಿಗ್ರಿ ಮೀರಿ ಹಿಂದಕ್ಕೆ ಹೋಗುವುದು, ಇವಕ್ಕೆ ಎಡಬಲ ತಲಾ 1. ಮೊಣಕಾಲು ಮಡಚದೆ ಅಂಗೈಗಳನ್ನು ನೆಲಕ್ಕೆ ಊರಿದರೆ 1. ಅಂಕವೊಂದೇ ರೋಗನಿರ್ಣಯವಲ್ಲ.

ಇಂಥ ಮೈಗೆ ಬೇಕಾದುದು ಇನ್ನಷ್ಟು ಬಾಗುವಿಕೆಯಲ್ಲ, ಕೀಲನ್ನು ಕಾಯುವ ಸ್ನಾಯುಬಲ. ತಾಲೀಮುಗಳ ಊರಾದ ಕೊಲ್ಹಾಪುರಕ್ಕೆ ಈ ಮಾತು ಹೊಸದಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ, ಬಾಲ್ಯದಲ್ಲಿ ರೋಗಗಳಿಂದ ಬಳಲಿ, ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರಿಂದ ಕಲಿತು 1937ರಲ್ಲಿ ಪುಣೆಗೆ ಬಂದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಕುರ್ಚಿ, ಹಗ್ಗ, ಪಟ್ಟಿ, ಮರದ ತುಂಡುಗಳ ಆಸರೆಯಿಂದ ಆಸನ ಮಾಡಿಸುವ ಕ್ರಮವನ್ನು ಬೆಳೆಸಿದರು. ಆಸರೆಯಿದ್ದಾಗ ಕೀಲು ತನ್ನ ಮಿತಿಯೊಳಗೇ ನಿಲ್ಲಬಲ್ಲದು.

ಮನೆಯಲ್ಲಿ ದಿನಕ್ಕೆ 10 ನಿಮಿಷದಿಂದ ಆರಂಭಿಸಬಹುದು. ತಾಡಾಸನದಲ್ಲಿ ಮೊಣಕಾಲನ್ನು ಹಿಂದಕ್ಕೆ ಒತ್ತದೆ ತುಸು ಸಡಿಲಿಸಿ, ತೊಡೆಯ ಬಲದಿಂದ ನಿಲ್ಲಬೇಕು. ಪವರ್‌ಲೂಮ್ ಮುಂದೆ ದಿನವಿಡೀ ನಿಲ್ಲುವ ತಂದೆತಾಯಂದಿರಿಗೂ ಇದು ಹಿತಕರ. ಅಂಗಾತ ಮಲಗಿ ಸೊಂಟವನ್ನು ಮೆಲ್ಲನೆ ಎತ್ತಿ ಇಳಿಸುವುದು, ಕೊನೆಗೆ ಶವಾಸನದಲ್ಲಿ ಉಸಿರನ್ನು ನಿಧಾನವಾಗಿ ಬಿಡುವುದು ಸಾಕು. ಬಹುಕಾಲದ ನೋವು ಭಯವನ್ನು ತರುತ್ತದೆ. ಭಯದಿಂದ ಚಲನೆ ನಿಂತರೆ ಸ್ನಾಯು ಸೊರಗಿ ನೋವು ಹೆಚ್ಚುತ್ತದೆ. ಶಾಂತ ಉಸಿರು ಆ ಸರಪಳಿಯನ್ನು ಸಡಿಲಿಸಲು ನೆರವಾಗುತ್ತದೆ. ಬೆನ್ನ ಮೇಲೆ ಒತ್ತಿ ಬಗ್ಗಿಸುವುದು ಮಾತ್ರ ಸಲ್ಲದು. ಕೀಲು ಜಾರಿದರೆ, ಊತ, ಜ್ವರ, ಮರಗಟ್ಟುವಿಕೆ ಕಂಡರೆ ವ್ಯಾಯಾಮ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಗಡಿಭಾಗದ ಮಗುವಿಗೆ ಇನ್ನೊಂದು ತೊಡಕುಂಟು. ಮನೆ ಮತ್ತು ಶಾಲೆಯ ಮಾತು ಕನ್ನಡ, ಆಸ್ಪತ್ರೆಯ ಮಾತು ಮರಾಠಿ. ನೋವು ಸೆಳೆತವೋ, ಚುಚ್ಚುವುದೋ, ಉರಿಯೋ, ಜೋಮೋ ಎಂಬುದನ್ನು ಪಾಲಕರು ಮೊದಲು ಕನ್ನಡದಲ್ಲಿ ಕೇಳಿ, ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿದರೆ ಅರ್ಧ ಕೆಲಸ ಆದಂತೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನೋವೆಂದು ಹಿಂದೆ ಸರಿದ ಮಗುವನ್ನು ಎಲ್ಲರೆದುರು ಹೀಯಾಳಿಸುವುದು ಆ ಕಲಮಿನ ಆಶಯಕ್ಕೆ ವಿರುದ್ಧ. ಪಾಲಕರು ವೈದ್ಯರ ಚೀಟಿಯೊಡನೆ ಮುಖ್ಯಾಧ್ಯಾಪಕರನ್ನು ಕಂಡು, ಮಗುವಿಗೆ ಯಾವ ಆಸನ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಅಭ್ಯಾಸ ಶುರುವಾಗುವ ಮೊದಲೇ ತಿಳಿಸುವುದು ಒಳಿತು.