ಮೂವರು ಸೇರಿದರೆ ಒಂದು ಕಾರು

ಮೇಜಿನ ಮೇಲೆ ಲೆಗೊ ತುಂಡುಗಳ ರಾಶಿ, ಸುತ್ತ ಮೂವರು ಮಕ್ಕಳು. ಕಾರಿನ ಚಿತ್ರವಿರುವ ಹಾಳೆ ಒಬ್ಬನ ಕೈಯಲ್ಲಿ ಮಾತ್ರ. ಅವನು 'ಎಂಜಿನಿಯರ್'; ತುಂಡುಗಳನ್ನು ಮುಟ್ಟುವಂತಿಲ್ಲ, ಬಾಯಿಬಿಟ್ಟು ಹೇಳಬೇಕು. 'ಸಪ್ಲೈಯರ್' ಹುಡುಕಿ ಕೊಡುತ್ತಾನೆ, 'ಬಿಲ್ಡರ್' ಜೋಡಿಸುತ್ತಾನೆ. "ಆ ಕೆಂಪು ಕೊಡು" ಎಂದರೆ ಸಾಲದು, ರಾಶಿಯಲ್ಲಿ ಕೆಂಪು ಬೇಕಾದಷ್ಟಿವೆ. "ಕೆಂಪು, ಉದ್ದನೆಯದು, ಎಂಟು ಗುಬುಟಿನದು" ಎನ್ನಬೇಕು.

ಸ್ವಲ್ಪ ಹೊತ್ತಿನ ಮೇಲೆ ಪಾತ್ರಗಳು ಅದಲುಬದಲು.

ಇದು ಲೆಗೊ ಥೆರಪಿ, ಆಟಿಸಂ ಇರುವ ಮಕ್ಕಳು ಬೇರೆಯವರೊಡನೆ ಬೆರೆಯುವುದನ್ನು ಕಲಿಯುವ ಆಟ. ಆಟಿಸಂನ ಒಂದು ಬಗೆ ಎನ್ನಲಾದ ಆಸ್ಪರ್ಜರ್ ಸಿಂಡ್ರೋಮ್ ಇರುವ ಮಕ್ಕಳಿಗೆ ಸಾಮಾನ್ಯವಾಗಿ ಪದಗಳ ಕೊರತೆ ಇರುವುದಿಲ್ಲ. ರೈಲುಗಳ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲ ಹುಡುಗನಿಗೆ, ಕೇಳುವವರು ಆಕಳಿಸುತ್ತಿರುವುದು ತಿಳಿಯದೆ ಹೋಗಬಹುದು. ಮಾತಿನ ಕೊಡುಕೊಳ್ಳುವಿಕೆಯೇ ಅವನಿಗೆ ತೊಡಕು. ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಜರ್ 1944ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದರು. 1981ರಲ್ಲಿ ಬ್ರಿಟನ್ನಿನ ಲೋರ್ನಾ ವಿಂಗ್ 'ಆಸ್ಪರ್ಜರ್ ಸಿಂಡ್ರೋಮ್' ಎಂಬ ಹೆಸರನ್ನು ಬಳಕೆಗೆ ತಂದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5 ಇದನ್ನು ಆಟಿಸಂ ಸ್ಪೆಕ್ಟ್ರಂನೊಳಗೆ ಸೇರಿಸಿತು.

ಈ ಆಟ ಚಿಕಿತ್ಸೆಯಾದದ್ದು ಆಕಸ್ಮಿಕ. ಹೊನಲುಲುವಿನಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಲೆಗಾಫ್ ಅವರ ಬಳಿ ಬರುತ್ತಿದ್ದ ಇಬ್ಬರು ಹುಡುಗರು ಒಂದು ದಿನ ಕಾಯುವ ಕೋಣೆಯಲ್ಲಿ ಎದುರಾದರು. ಇಬ್ಬರ ಕೈಯಲ್ಲೂ ಲೆಗೊ! ಬೇರೆ ಮಕ್ಕಳೊಡನೆ ಬೆರೆಯಲು ಕಷ್ಟಪಡುತ್ತಿದ್ದವರು ತಾವಾಗಿಯೇ ಮಾತಿಗಿಳಿದಿದ್ದರು. ಮಗುವಿನ ಗೀಳನ್ನು ಬಿಡಿಸುವ ಬದಲು ಅದರ ಬೆನ್ನು ಹತ್ತಿಯೇ ಗೆಳೆತನಕ್ಕೆ ದಾರಿ ಮಾಡಬಹುದು ಎಂದು ಲೆಗಾಫ್ ಅವರಿಗೆ ಹೊಳೆಯಿತು. 2004ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು.

ಮುಂದೆ ಕೇಂಬ್ರಿಡ್ಜ್ ಸಂಶೋಧಕರು 6ರಿಂದ 11 ವರ್ಷದ ಮಕ್ಕಳಿಗೆ ವಾರಕ್ಕೊಂದು ಗಂಟೆಯಂತೆ 18 ವಾರ ಇದನ್ನು ಆಡಿಸಿ, ಮಾತಿನ ಕೌಶಲ ಕಲಿಸುವ ಇನ್ನೊಂದು ವಿಧಾನದ ಜೊತೆ ಹೋಲಿಸಿದರು. 2008ರ ಆ ವರದಿಯಲ್ಲಿ, ಆಟಿಸಂಗೆ ಸಂಬಂಧಿಸಿದ ಸಾಮಾಜಿಕ ತೊಡಕುಗಳ ಅಳತೆಯಲ್ಲಿ ಲೆಗೊ ಗುಂಪು ಹೆಚ್ಚು ಸುಧಾರಿಸಿತ್ತು. ಆದರೆ ಅದು ಚಿಕ್ಕ ಅಧ್ಯಯನ.

ಮೇಜಿನ ಬಳಿ ದೊಡ್ಡವರಿಗೂ ಒಂದು ಕಟ್ಟುಪಾಡು: ಜಗಳ ಬಂದರೆ ತೀರ್ಪು ಕೊಡಬಾರದು. "ಚಕ್ರ ಒಂದೇ, ಕೇಳುವವರು ಇಬ್ಬರು. ಏನು ಮಾಡೋಣ?" ಎಂದಷ್ಟೇ ಕೇಳಿ ಸುಮ್ಮನಿರಬೇಕು. ಚಕ್ರ ಯಾರಿಗೆ ಎಂದು ಮಕ್ಕಳೇ ಮಾತಾಡಿಕೊಳ್ಳುತ್ತಾರೆ. ಕಾರು ಅಷ್ಟು ಹೊತ್ತು ಮೂರೇ ಚಕ್ರದಲ್ಲಿ ಕಾಯುತ್ತದೆ.