ಮೂಲಕ್ಕೆ ಮರಳುವುದಾದರೆ ಯಾವ ಮೂಲಕ್ಕೆ?

ಭಾನುವಾರ ಬೆಳಿಗ್ಗೆ ಶಿವಾಜಿನಗರದಿಂದ ಕೆ.ಆರ್. ಪುರದ ಕಡೆ ಹೊರಟರೆ ಎರಡು ಬಗೆಯ ಚರ್ಚುಗಳು ಕಾಣಿಸುತ್ತವೆ. ಒಂದು, ಸೇಂಟ್ ಮೇರಿ ಬೆಸಿಲಿಕಾದಂಥದ್ದು: ಎತ್ತರದ ಗೋಪುರ, ಗಂಟೆ, ಬಣ್ಣದ ಗಾಜು. ಇನ್ನೊಂದು, ಯಾವುದೋ ಅಂಗಡಿಯ ಮೇಲಿನ ಮಹಡಿ, ಪ್ಲಾಸ್ಟಿಕ್ ಕುರ್ಚಿ, ಮೆಟ್ಟಿಲ ಬುಡದಲ್ಲಿ ಚಪ್ಪಲಿ ರಾಶಿ. ಗೋಪುರ ಇಲ್ಲ, ಕೆಲವೆಡೆ ಪಾದ್ರಿಯೂ ಇಲ್ಲ. ದುಡ್ಡಿಲ್ಲದ್ದಕ್ಕೆ ಹೀಗೆ ಎಂದುಕೊಳ್ಳಬೇಡಿ. ಇವರಲ್ಲಿ ಹಲವರಿಗೆ ಅದು ಬೇಕೆಂದೇ ಮಾಡಿಕೊಂಡ ಆಯ್ಕೆ. ಯೇಸುವಿನ ಶಿಷ್ಯರ ಕಾಲದಲ್ಲಿ ಏನಿತ್ತೋ ಅಷ್ಟೇ ಸಾಕು, ಆಮೇಲೆ ಸೇರಿಕೊಂಡದ್ದೆಲ್ಲ ಬೇಡ ಎನ್ನುವವರು ಇವರು.

ಇವರು ತೋರಿಸುವ ಮಾದರಿ ಬೈಬಲ್ಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದ 2ನೇ ಅಧ್ಯಾಯದಲ್ಲಿದೆ. ಜೆರುಸಲೇಮಿನ ಮೊದಲ ವಿಶ್ವಾಸಿಗಳು ಆಸ್ತಿ ಮಾರಿ ಇಲ್ಲದವರಿಗೆ ಹಂಚುತ್ತಿದ್ದರು, ಮನೆಮನೆಯಲ್ಲಿ ರೊಟ್ಟಿ ಮುರಿದು ಒಟ್ಟಿಗೆ ಉಣ್ಣುತ್ತಿದ್ದರು ಎಂಬ ಚಿತ್ರ ಅದು.

ಈ ಹಂಬಲ ನಮ್ಮ ಕಡೆಗೆ ಬಂದ ದಾರಿಗಳಲ್ಲಿ ಒಂದು 'ಬ್ರದರನ್' ಚಳವಳಿ. 1820ರ ದಶಕದ ಕೊನೆಯಲ್ಲಿ ಡಬ್ಲಿನ್‌ನಲ್ಲಿ ಕೆಲವರು ಪಾದ್ರಿಗಳಿಲ್ಲದೆ ಸೇರಿ ರೊಟ್ಟಿ ಮುರಿಯತೊಡಗಿದರು. ಅವರಲ್ಲಿ ಆಂಥೊನಿ ನಾರಿಸ್ ಗ್ರೋವ್ಸ್ ಎಂಬ ಹಲ್ಲಿನ ವೈದ್ಯರೂ ಇದ್ದರು. 1833ರಲ್ಲಿ ಭಾರತಕ್ಕೆ ಬಂದ ಅವರು ಮುಂದೆ ನಮ್ಮ ಗಡಿಯ ಚಿತ್ತೂರಿನಲ್ಲಿ ಬೇಸಾಯ ಮಾಡಿಕೊಂಡೇ ಬೋಧಿಸಿದರು. ದೇವರ ಕೆಲಸಕ್ಕೆ ಸಂಬಳ ಬೇಡ, ದುಡಿದು ತಿನ್ನಬೇಕು ಎಂಬ ಈ ಮಾತು ಶರಣರ ಕಾಯಕ ಗೊತ್ತಿರುವ ಕನ್ನಡಿಗರಿಗೆ ಹೊಸದೇನಲ್ಲ. ರಿಚರ್ಡ್ಸ್ ಟೌನ್‌ನ ಕ್ಲಾರೆನ್ಸ್ ಹೈಸ್ಕೂಲನ್ನು 1914ರಲ್ಲಿ ಶುರುಮಾಡಿದ ರೆಡ್‌ವುಡ್ ಸಹೋದರರೂ ಬ್ರದರನ್ ಮಿಷನರಿಗಳೇ. 1975ರಲ್ಲಿ ನೌಕಾಪಡೆಯ ಮಾಜಿ ಅಧಿಕಾರಿ ಜ್ಯಾಕ್ ಪೂನೆನ್ ಬೆಂಗಳೂರಿನ ತಮ್ಮ ಮನೆಯಲ್ಲೇ ಕೆಲವು ಕುಟುಂಬಗಳೊಂದಿಗೆ ಇಂಥದ್ದೇ ಒಂದು ಸಭೆ ಆರಂಭಿಸಿದರು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದವರು ಭಕ್ತ ಸಿಂಗ್. ಪಂಜಾಬಿನ ಸಿಖ್ ಕುಟುಂಬದ ಈ ಹುಡುಗ ನನ್ನ ಹಾಗೆಯೇ ಎಂಜಿನಿಯರಿಂಗ್ ವಿದ್ಯಾರ್ಥಿ. 1926ರಲ್ಲಿ ಓದಲು ಲಂಡನ್ನಿಗೆ, ಅಲ್ಲಿಂದ ಕೆನಡಾಕ್ಕೆ ಹೋದವರು ಕ್ರೈಸ್ತರಾಗಿ 1933ರಲ್ಲಿ ಮರಳಿದರು. 1941ರಲ್ಲಿ ಮದ್ರಾಸಿನಲ್ಲಿ ಸ್ವತಂತ್ರ ಸಭೆ ಕಟ್ಟಿದರು. ಅವರ ಕೂಟಗಳಲ್ಲಿ ಜನ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂರುತ್ತಿದ್ದರು, ಪಂಕ್ತಿಯಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದರು. ಮೊದಲ ಸಭೆಯನ್ನು ಹುಡುಕಿ ಹೊರಟವರಿಗೆ ಸಿಕ್ಕಿದ್ದು ನಮ್ಮ ಊರಿನ ಚಾಪೆ!

ಇಷ್ಟೆಲ್ಲ ನಾನು ಓದಿಕೊಂಡದ್ದು ಪರೀಕ್ಷೆಗಲ್ಲ, ಮನೆಗಾಗಿ. ನಮ್ಮದು ಹಲಸೂರಿನ ಸಿಎಸ್‌ಐ ಕುಟುಂಬ. ಅಜ್ಜಿ, ಅಪ್ಪ, ನಾವು ಮಕ್ಕಳು, ಎಲ್ಲರಿಗೂ ಕೂಸಾಗಿದ್ದಾಗಲೇ ದೀಕ್ಷಾಸ್ನಾನವಾಗಿದೆ. ಎರಡು ವರ್ಷದಿಂದ ಅಕ್ಕ ಕೆ.ಆರ್. ಪುರದ ಕಡೆಯ ಒಂದು ಸಣ್ಣ ಸಭೆಗೆ ಹೋಗುತ್ತಾಳೆ. ಕಳೆದ ವರ್ಷ ಅಲ್ಲಿ ನೀರಿನಲ್ಲಿ ಮುಳುಗಿ ಮತ್ತೆ ದೀಕ್ಷಾಸ್ನಾನ ತಗೊಳ್ತೀನಿ ಅಂದಳು. ಅಪ್ಪ ಕೂಗಾಡಲಿಲ್ಲ. "ಹಂಗಾದ್ರೆ ನಿಮ್ಮಜ್ಜಿದು ದೀಕ್ಷಾಸ್ನಾನ ಅಲ್ವೇನಮ್ಮಾ?" ಎಂದು ಕೇಳಿದರು. "ಅಜ್ಜಿ ಬಗ್ಗೆ ನಾನೇನೂ ಹೇಳ್ತಿಲ್ಲಪ್ಪ. ನಂಬ್ತೀನಿ ಅಂತ ನಾನೇ ಬಾಯಿಬಿಟ್ಟು ಹೇಳ್ಬೇಕಲ್ವಾ, ಕೂಸು ಹೆಂಗೆ ಹೇಳುತ್ತೆ?" ಎಂದಳು ಅಕ್ಕ.

ಇಬ್ಬರ ಮಾತಲ್ಲೂ ಹುರುಳಿದೆ. ಈ ಜಗಳಕ್ಕೆ 500 ವರ್ಷ ತುಂಬಿದೆ ಎಂದು ಆಮೇಲೆ ತಿಳಿಯಿತು. 1525ರ ಜನವರಿಯಲ್ಲಿ ಜ್ಯೂರಿಕ್ ನಗರದ ಕೆಲವು ಯುವಕರು, ಶಿಶುವಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲ ಎಂದು ಹೊಸದಾಗಿ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು 1527ರಲ್ಲಿ ನಗರಾಡಳಿತ ನದಿಯಲ್ಲಿ ಮುಳುಗಿಸಿ ಕೊಂದಿತು. ನಮ್ಮ ಮನೆಯಲ್ಲಿ ಅಪ್ಪ ಎರಡು ವಾರ ಮಾತು ಬಿಟ್ಟರು, ಅಷ್ಟೇ.

ಮಾತು ಮತ್ತೆ ಶುರುವಾದದ್ದು ಅಜ್ಜಿಯ ಮಂಡಿ ಆಪರೇಷನ್ ಆದಾಗ. ಅಕ್ಕನ ಸಭೆಯ ಮೂರು ಮನೆಯವರು, ನಮಗೆ ಪರಿಚಯವೇ ಇಲ್ಲದವರು, ಹತ್ತು ದಿನ ಸರದಿ ಹಾಕಿಕೊಂಡು ಕ್ಯಾರಿಯರ್‌ನಲ್ಲಿ ಊಟ ತಂದುಕೊಟ್ಟರು. "ಓದಿದ್ದನ್ನ ಮಾಡ್ತಾರೆ ಕಣೋ ಇವ್ರು" ಎಂದರು ಅಪ್ಪ. ಆಸ್ತಿ ಮಾರದಿದ್ದರೂ ಮೊದಲ ಸಭೆಯ ವಾಸನೆ ಆ ಕ್ಯಾರಿಯರ್‌ಗಳಲ್ಲಿತ್ತು.

ಆದರೂ ನನಗೆ ಪ್ರಶ್ನೆಗಳಿವೆ. ವಾರವಿಡೀ ಆಫೀಸಿನಲ್ಲಿ ಟೀಮ್ ನಡೆಸುವ ಅಕ್ಕ ಭಾನುವಾರ ತಲೆಗೆ ಮುಸುಕು ಹಾಕಿ ಸುಮ್ಮನೆ ಕೂರುತ್ತಾಳೆ. ಅಲ್ಲಿ ಹೆಂಗಸರು ಮಾತಾಡುವಂತಿಲ್ಲ. ಪೌಲನ ಪತ್ರದಲ್ಲಿ ಹಾಗೇ ಇದೆ ಎನ್ನುತ್ತಾಳೆ. ಆದರೆ ಪ್ರವಾದನೆ ಹೇಳುತ್ತಿದ್ದ ಫಿಲಿಪ್ಪನ ನಾಲ್ವರು ಹೆಣ್ಣುಮಕ್ಕಳೂ 'ಅಪೊಸ್ತಲರ ಕೃತ್ಯಗಳು' ಪುಸ್ತಕದಲ್ಲೇ ಇದ್ದಾರೆ. ಅವರೂ ಮೂಲವೇ ಅಲ್ಲವೇ? ಮೂಲಕ್ಕೆ ಮರಳುವವರೂ ಆರಿಸಿಕೊಂಡೇ ಮರಳುತ್ತಾರೆ. ಪಂಗಡವೇ ಬೇಡ ಎಂದ ಬ್ರದರನ್ನರೂ 1848ರಲ್ಲಿ ಎರಡಾಗಿ ಒಡೆದರು. ಇತ್ತ ಅಪ್ಪನ ಸಿಎಸ್‌ಐ, 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಸಂಪ್ರದಾಯಗಳು ಕೂಡಿ ಆದದ್ದು. ಎಲ್ಲರೂ ಒಂದಾಗಿರುವುದೂ ಮೂಲಕ್ಕೆ ಮರಳುವ ಇನ್ನೊಂದು ದಾರಿ ಎಂದು ಅಪ್ಪ ವಾದಿಸುತ್ತಾರೆ.

ನಮ್ಮ ಫೋನ್ ಹ್ಯಾಂಗ್ ಆದರೆ ಫ್ಯಾಕ್ಟರಿ ರಿಸೆಟ್ ಮಾಡುತ್ತೇವೆ. ಕಸ ಹೋಗುತ್ತದೆ, ಜೊತೆಗೆ ಅಜ್ಜಿಯ ಫೋಟೊಗಳೂ ಹೋಗುತ್ತವೆ. ಅಪ್ಪನ ಸಂಕಟ ಅದು. ಏನನ್ನೂ ಅಳಿಸದೆ ಹೋದರೆ ಫೋನೇ ನಡೆಯುವುದಿಲ್ಲ. ಅಕ್ಕನ ಸಂಕಟ ಇದು.

ಆ ಪುಸ್ತಕದ 6ನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಮೊದಲ ಸಭೆಯಲ್ಲೂ ಜಗಳ ಶುರುವಾಗಿತ್ತು. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಾರೆ ಎಂಬ ದೂರು ಅದು. ಕನ್ನಡ, ತಮಿಳು ಪ್ರಾರ್ಥನೆಯ ತಕರಾರು ಕಂಡಿರುವ ದಂಡು ಪ್ರದೇಶದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆಗ ಅವರು ಬೇರೆ ಸಭೆ ಮಾಡಿಕೊಂಡು ಹೊರಡಲಿಲ್ಲ. ಎಲ್ಲರನ್ನೂ ಕರೆದು ಮಾತಾಡಿ, ಊಟದ ಹೊಣೆಗೆ ಏಳು ಜನರನ್ನು ಆರಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ.

ರೊಟ್ಟಿ, ಚಾಪೆ, ಮುಳುಗುವ ನೀರು, ಇವಕ್ಕೆಲ್ಲ ಮರಳುವವರು ಈ ಅಧ್ಯಾಯಕ್ಕೂ ಮರಳಬೇಕು ಎಂದು ನನಗನಿಸುತ್ತದೆ. ಇಂದು ಅಕ್ಕನ ಸಭೆಯಲ್ಲಿ ರೊಟ್ಟಿ ಮುರಿಯುವಾಗ ಅಪ್ಪನಿಗೆ ಪಾಲಿಲ್ಲ, ಅಪ್ಪನ ಚರ್ಚಿಗೆ ಅಕ್ಕ ಬರುವುದಿಲ್ಲ. ಮನೆಯ ಊಟದ ಮೇಜು ಮಾತ್ರ ಇನ್ನೂ ಒಂದೇ ಇದೆ. ಸದ್ಯಕ್ಕೆ ನಮ್ಮ ಮೊದಲ ಸಭೆ ಅದೇ.