ನಾದವನ್ನು ನಿಲ್ಲಿಸುವ ವಿದ್ಯೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ಮನೆಗಳಲ್ಲಿ ಕನ್ನಡವು ಮಗ್ಗದ ಸದ್ದಿನೊಡನೆ ಉಳಿದುಬಂದಿದೆ. ಲಾಳಿಯ ಲಯವನ್ನು ಕೇಳಿ ಬೆಳೆದ ಮಗು ಒಂದು ದಿನ ಜಾಜ್ ಸಂಗೀತದ ವೈಬ್ರಾಫೋನನ್ನು ಕಲಿಯುವೆನೆಂದರೆ ಹೆತ್ತವರಿಗೆ ಎರಡು ಚಿಂತೆಗಳು ಹುಟ್ಟುತ್ತವೆ. ಅಷ್ಟು ಬೆಲೆಯ ವಾದ್ಯವನ್ನು ತರುವುದು ಹೇಗೆ? ಪರದೇಶದ ಸಂಗೀತವನ್ನು ಕಲಿತ ಮಗು ಮನೆಯ ಸಂಗೀತದಿಂದ ದೂರವಾಗದೆ?

ಮೊದಲು ವಾದ್ಯದ ಪರಿಚಯ. ವೈಬ್ರಾಫೋನ್ 1920ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಹಾರ್ಮೋನಿಯಂ ಮನೆಗಳಂತೆ ಎರಡು ಸಾಲಿನಲ್ಲಿ ಜೋಡಿಸಿದ ಲೋಹದ ಪಟ್ಟಿಗಳನ್ನು ಕೋಲುಗಳಿಂದ ನುಡಿಸುತ್ತಾರೆ. ಸಾಮಾನ್ಯವಾಗಿ 37 ಪಟ್ಟಿಗಳು, ಮೂರು ಸ್ಥಾಯಿ. ಪ್ರತಿ ಪಟ್ಟಿಯ ಕೆಳಗೂ ಒಂದು ಕೊಳವೆ. ಅದರ ಬಾಯಲ್ಲಿ ತಿರುಗುವ ಬಿಲ್ಲೆಯು ನಾದಕ್ಕೆ ನಡುಕವನ್ನು ಕೊಡುತ್ತದೆ.

ಜಲತರಂಗವನ್ನು ಕೇಳಿದವರಿಗೆ ಈ ನುಡಿಸಾಣಿಕೆ ತೀರ ಅಪರಿಚಿತವೆನಿಸದು. ಆದರೆ ಬಟ್ಟಲಿನ ನಾದ ಬೇಗನೆ ಅಡಗುತ್ತದೆ. ಲೋಹದ ಪಟ್ಟಿಯ ನಾದ ಬಹಳ ಹೊತ್ತು ನಿಲ್ಲುತ್ತದೆ. ಕಾಲಿನ ಪೆಡಲನ್ನು ಒತ್ತಿದರೆ ನಾದ ಉಳಿಯುತ್ತದೆ, ಬಿಟ್ಟರೆ ಅಡಗುತ್ತದೆ. ಕಲಿಕೆಯ ಕಷ್ಟವಿರುವುದು ಇಲ್ಲಿಯೇ. ಹಿಂದಿನ ಸ್ವರ ಮುಂದಿನದರ ಮೇಲೆ ಹರಡಿದರೆ ರಾಗ ಕಲಸಿಹೋಗುತ್ತದೆ. ಆದ್ದರಿಂದ ಒಂದು ಕೋಲು ಹೊಸ ಸ್ವರವನ್ನು ನುಡಿಸುವಾಗಲೇ ಇನ್ನೊಂದು ಕೋಲು ಹಳೆಯ ಪಟ್ಟಿಯನ್ನು ಮುಟ್ಟಿ ಸುಮ್ಮನಾಗಿಸಬೇಕು. ಬಾರಿಸುವುದು ಬೇಗ ಬರುತ್ತದೆ. ನಿಲ್ಲಿಸುವುದಕ್ಕೆ ವರ್ಷಗಳ ಸಾಧನೆ ಬೇಕು.

ಆ ಸಾಧನೆಯ ತಳಹದಿ ಲಯ. 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗರ ಧ್ವನಿಮುದ್ರಣದಲ್ಲಿ ವೈಬ್ರಾಫೋನನ್ನು ನುಡಿಸಿದ ಲಯೊನೆಲ್ ಹ್ಯಾಂಪ್ಟನ್ ಮೂಲತಃ ಡ್ರಮ್ ವಾದಕರು. ಕೈಗೆ ಎರಡರಂತೆ ನಾಲ್ಕು ಕೋಲು ಹಿಡಿದು ನುಡಿಸುವ ರೀತಿಗೆ ಹೆಸರಾದ ಗ್ಯಾರಿ ಬರ್ಟನ್ ಆರನೆಯ ವಯಸ್ಸಿನಲ್ಲಿ ಕಲಿಕೆ ಆರಂಭಿಸಿದರು.

ಹಾಗಾಗಿ ವಾದ್ಯ ಕೊಳ್ಳುವ ಮುನ್ನವೇ ಪಾಠ ತೊಡಗಬಹುದು. ಮಾಯಾಮಾಳವಗೌಳದ ಸರಳೆ ವರಸೆಯ ಸ್ವರಗಳೆಲ್ಲವೂ ವೈಬ್ರಾಫೋನಿನಲ್ಲಿವೆ. ಪಟ್ಟಿಗಳ ಕ್ರಮವು ಕೀಬೋರ್ಡಿನದೇ ಆದ್ದರಿಂದ ಮಗು ಮೊದಲು ಅದರಲ್ಲಿಯೇ, ಮನೆಯವರು ಹಾಕುವ ತಾಳಕ್ಕೆ ಸರಿಯಾಗಿ, ನುಡಿಸಲಿ. ಗಮಕ ಮಾತ್ರ ಅದರಲ್ಲಿ ಬಾರದು. ಅದನ್ನು ಹಾಡಿಯೇ ಕಲಿಯಬೇಕು. ಕಲ್ಪನಾಸ್ವರವನ್ನು ಹಾಡಿ ಎಡುಪ್ಪಿಗೆ ಸರಿಯಾಗಿ ಮರಳುವ ಮಗುವಿಗೆ, ಹಾಡಿನ ಆವರ್ತವನ್ನು ಕೆಡಿಸದೆ ಹೊಸತನ್ನು ಕಟ್ಟುವ ಜಾಜ್ ಮನೋಧರ್ಮವೂ ಅರ್ಥವಾಗುತ್ತದೆ.

ಎರಡನೆಯ ಚಿಂತೆಗೆ ಕದ್ರಿ ಗೋಪಾಲನಾಥರ ಬಾಳೇ ಉತ್ತರ. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗನಾದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತರು. ಗಮಕಕ್ಕೆ ಒದಗುವಂತೆ ಅದನ್ನು ಮಾರ್ಪಡಿಸಿಕೊಂಡರು. 1980ರಲ್ಲಿ ಮುಂಬಯಿಯ ಜಾಜ್ ಯಾತ್ರೆಯಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದಾಗ ಅವರ ಬೆಂಬಲಕ್ಕಿದ್ದದ್ದು ಕರ್ನಾಟಕ ಸಂಗೀತವೇ. ಮನೆಯಲ್ಲಿ ಕಲಿತದ್ದನ್ನು ಬಿಡದೆ ಹೊರಟ ಮಗು ಮನೆಯಿಂದ ದೂರವಾಗುವುದಿಲ್ಲ.